ಆನೆ ಇಳಿಯದ ಹೊಳೆ

ಖೆಡ್ಡಾ ಚಿತ್ರದ ಗಾಜಿನ ಫಲಕದಿಂದ, ಎದೆಮಟ್ಟ ನೀರಿನಲ್ಲಿ ನಿಂತು ಆನೆ ಅಟ್ಟುತ್ತಿದ್ದ ಬೆಟ್ಟಕುರುಬರನ್ನೆಲ್ಲ ಸೋಮವಾರ ಕೆರೆದು ತೆಗೆದರು.

ಮಂಗಳವಾರ ಮೈಸೂರಿನ ಗತವೈಭವ ಭವನದಲ್ಲಿ ಕ್ಷಣಜೀವಕ ಯಂತ್ರ ಎಂದಿನಂತೆ ಓಡತೊಡಗಿತು. ಹಳೆಯ ಛಾಯಾಚಿತ್ರದ ಬೆಳ್ಳಿಕಣಗಳಲ್ಲಿ ಆ ಗಳಿಗೆಯ ಬೆಳಕಿನ ಜೊತೆ ಚಲನೆಯ ಗುರುತೂ ಉಳಿದಿರುತ್ತದೆ. ಯಂತ್ರ ಅದನ್ನು ಓದಿ, ಯಾವುದರಿಂದ ಯಾವುದು ನಡೆಯಿತು ಎಂಬ ಕಾರಣಸರಣಿಯನ್ನು ಹೆಣೆದು, ಸತ್ತ ಗಳಿಗೆಯನ್ನು ಸದ್ದು, ವಾಸನೆಗಳೊಡನೆ ಎಬ್ಬಿಸುತ್ತಿತ್ತು. ಅದುವರೆಗೆ ಜನ ತಂಪು ಸಭಾಂಗಣದಲ್ಲಿ ಚಿಪ್ಸ್ ಮೆಲ್ಲುತ್ತ, ದೊರೆಗಳ ಅತಿಥಿಗಳ ಪಕ್ಕದಲ್ಲೇ ಅಟ್ಟಣೆಯ ಮೇಲೆ ಕೂತಂತೆ ಆನೆ ಹಿಡಿಯುವುದನ್ನು ಸವಿಯುತ್ತಿದ್ದರು. ಎಂಥ ಕಾಲ ಹೋಯಿತಪ್ಪಾ ಎಂದು ನಿಟ್ಟುಸಿರಿಡುತ್ತಿದ್ದರು. ತಕರಾರು ಒಂದೇ: ಹೊಳೆಯ ಕಡೆಯಿಂದ ಬರುವ ಬೆವರು, ಒದ್ದೆ ಕಂಬಳಿಗಳ ನಾತ. ಮೈ ಇದ್ದಲ್ಲಿ ಯಂತ್ರ ವಾಸನೆ ಹುಟ್ಟಿಸಿಯೇ ತೀರುತ್ತಿತ್ತು. ಆದ್ದರಿಂದ ಮೈಗಳನ್ನೇ ತೆಗೆದರು.

ಬೊಳ್ಳಮ್ಮ ಅಲ್ಲಿ ನೋಡುಗರಿಗೆ ಚಿತ್ರ ವಿವರಿಸುವ ಕೆಲಸದವಳು. ಹೊಳೆಯಲ್ಲಿ ಬಾಯಿ ತೆರೆದು ನಿಂತಿದ್ದ ಹರಿದ ಕಿವಿಯವನು ಅವಳ ಮುತ್ತಾತ ಜಡೆಯ. ಅವನದು ಬೇರೆ ಪಟವೇ ಇರಲಿಲ್ಲ. ಅವನು ಆನೆಯನ್ನು ಕೂಗುತ್ತಿದ್ದಾನೆಂದು ನೋಡುಗರು ತಿಳಿದಿದ್ದರು. ಆನೆಯ ಕಾಲಿಗೆ ಸಿಕ್ಕಿ ಮುಳುಗಿದ ತಮ್ಮನನ್ನು ಕೂಗುತ್ತಿದ್ದಾನೆಂದು ಹಾಡಿಯ ಜನ ಬಲ್ಲರು. ದಿನಾ ಬಾಗಿಲು ತೆರೆಯುವ ಮುನ್ನ ಅವನೆದುರು ಅವಳು ಚೂರು ಎಲೆಅಡಿಕೆ ಇಡುತ್ತಿದ್ದಳು. ಆ ಮಂಗಳವಾರವೂ ತಂದಿದ್ದಳು. ಅವನು ನಿಂತಿದ್ದ ಜಾಗ ನಾಯಿ ನೆಕ್ಕಿದ ತಟ್ಟೆಯಂತೆ ನುಣ್ಣಗಿತ್ತು. ತಂದ ಎಲೆಅಡಿಕೆಯನ್ನು ಅವಳು ಸೆರಗಿನ ತುದಿಗೆ ಕಟ್ಟಿಕೊಂಡಳು.

ಆಟ ಶುರುವಾಯಿತು. ಅಟ್ಟಣೆಯ ಮೇಲಿನ ಅತಿಥಿಗಳು ದುರ್ಬೀನು ಎತ್ತಿದರು. ಹೊಳೆ ಹರಿಯಿತು. ಕಾಡಿನಂಚಿಗೆ ಬಂದ ಆನೆಗಳು ಕಿವಿ ಬೀಸಿ, ಬಿದಿರು ಮುರಿದು ತಿಂದು, ಹಿಂದಿರುಗಿ ಹೊರಟುಹೋದವು. ದೊರೆಸಾನಿಯೊಬ್ಬಳು ಸೊಳ್ಳೆ ಹೊಡೆದುಕೊಂಡಳು. ದೊರೆಯೊಬ್ಬ ಆಕಳಿಸಿದ. ಬುಧವಾರವೂ ಅದೇ, ಗುರುವಾರವೂ ಅದೇ. ಅಟ್ಟುವವರಿಲ್ಲದೆ ಆನೆ ನೀರಿಗಿಳಿಯುವುದಿಲ್ಲ ಎಂಬುದು ಇಷ್ಟೆಲ್ಲ ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನೋಡುಗರು ಕೂಗಾಡಿದರು.

ಯಂತ್ರ ಕಟ್ಟಿದ ವಿಜ್ಞಾನಿ ಶೇಷಾದ್ರಿ, ಯಂತ್ರದ ಪಕ್ಕ ಹೊಸದಾಗಿ ನೀರು ತುಂಬಿಸಿಟ್ಟ ತೊಟ್ಟಿಯ ಬಳಿಗೆ ಬೊಳ್ಳಮ್ಮನನ್ನು ಕರೆಸಿದರು. ಕೆರೆದ ಬೆಳ್ಳಿ ಮರಳಿ ಬಾರದು. ಆದರೆ ವಂಶದವರ ಮೈಯಲ್ಲಿ ಹಿರಿಯರ ನಡೆ ಉಳಿದಿರುತ್ತದೆ, ಯಂತ್ರ ಅದನ್ನು ಓದಬಲ್ಲದು ಎಂದು ವಿವರಿಸಿದರು.

"ನಾನೇನು ಮಾಡ್ಬೇಕು ಸಾರ್?"

"ಹೆಚ್ಚೇನಿಲ್ಲಮ್ಮ. ಈ ತೊಟ್ಟೀಲಿ ಎದೆಮಟ್ಟ ನಿಂತು ಕೂಗಿ. ನಿಮ್ಮೊಬ್ಬರಿಂದ ಅಷ್ಟೂ ಜನರನ್ನ ಮಾಡ್ಕೋತೀವಿ."

"ಮತ್ತೆ ವಾಸನೆ?"

"ಗಂಧದೆಣ್ಣೆ ಹಚ್ಚಿಸ್ತೀವಿ. ಜರಿ ಪೇಟ ಹಾಕಿಸ್ತೀವಿ. ಮುಖದಲ್ಲಿ ಒಂಚೂರು ನಗು ಇರ್ಲಿ, ಜನಕ್ಕೆ ಅದೇ ಇಷ್ಟ." ಅವರು ದನಿ ತಗ್ಗಿಸಿದರು. "ನಿಮ್ಮ ಮುತ್ತಾತ ವಾಪಸ್ ಬರ್ತಾರೆ. ಇದು ಬಿಟ್ರೆ ಬೇರೆ ದಾರಿ ಇಲ್ಲ."

ಅದು ನಿಜವೆಂದು ಅವಳಿಗೂ ಗೊತ್ತಿತ್ತು. ಸೆರಗು ಸಿಕ್ಕಿಸಿಕೊಂಡು ತೊಟ್ಟಿಗಿಳಿದಳು. ನೀರಿಗೂ ಪನ್ನೀರು ಸುರಿದಿದ್ದರು; ಆ ಘಮಕ್ಕೆ ಅವಳು ಮೂಗು ಮುಚ್ಚಿಕೊಂಡಳು. ಎದುರಿನ ಪರದೆಯಲ್ಲಿ ಆನೆಗಳು ಕಾಡಿನಂಚಿಗೆ ಬಂದು ನಿಂತವು. ತಾಯಿಯ ಕಾಲ ನಡುವೆ ಒಂದು ಮರಿ. ಅಟ್ಟಣೆಯ ಮೇಲೆ ದುರ್ಬೀನುಗಳು ಎದ್ದವು.

"ಹೂಂ, ಕೂಗಮ್ಮ. ನಗ್ತಾ ಕೂಗು," ಎಂದರು ಶೇಷಾದ್ರಿ. ಬಹುವಚನ ಬಿಟ್ಟುಹೋಗಿದ್ದು ಅವರ ಗಮನಕ್ಕೂ ಬರಲಿಲ್ಲ.

"ತಮ್ಮನ ಹೆಣ ತೇಲ್ತಿದ್ರೂ ಕೂಗೋದು ನಿಲ್ಲಿಸ್ಬೇಡ ಅಂದಿದ್ರಂತೆ ಸಾರ್ ದೊರೆಗಳು, ನಮ್ಮ ಮುತ್ತಾತಂಗೆ," ಎಂದಳು ಬೊಳ್ಳಮ್ಮ. "ಅವ್ನು ನಿಲ್ಲಿಸ್ಲಿಲ್ಲ. ನಿಲ್ಲಿಸಾಕೆ ಬುಡ್ಲಿಲ್ಲ."

"ಅದೆಲ್ಲ ಆಮೇಲೆ. ಆನೆ ಹೊರಟುಹೋಗ್ತವೆ, ಕೂಗು."

ಅವಳು ತೊಟ್ಟಿಯ ಅಂಚು ಹತ್ತಿ ಕೂತು ಸೆರಗು ಹಿಂಡಿಕೊಂಡಳು. ಪರದೆಯಲ್ಲಿ ತಾಯಾನೆ ಮರಿಯನ್ನು ಸೊಂಡಿಲಿನಿಂದ ತಿರುಗಿಸಿಕೊಂಡು ಬಿದಿರಿನೊಳಕ್ಕೆ ನಡೆಯಿತು.

"ನಾ ಕೂಗಾಕಿಲ್ಲ."