ಹೆಸರು ನುಂಗುವ ಸರ್ವರ್

ಹೊರಗಿನಿಂದ ಚಿಲಕ ಬಿತ್ತು!

ಔರಾದ. ಮಟಮಟ ಮಧ್ಯಾಹ್ನ. ಕೋಣೆಯೊಳಗೆ ನಾನು, ಎರಡು ಸರ್ವರ್, ಅದರಲ್ಲಿ ಹೊಸದನ್ನು ಮಾರಲು ತಂದ ಸಪ್ಲೈಯರ್ ಮಚ್ಛೇಂದ್ರ. ಬಾಗಿಲಾಚೆ ಅವನ ಇಬ್ಬರು ಆಳುಗಳು... ಭಾಲ್ಕಿಯಿಂದ ನನ್ನ ಜೀಪಿನ ಬೆನ್ನು ಬಿಟ್ಟಿರಲಿಲ್ಲ.

"ರಿಪೋರ್ಟಿಗಿ ಸಹಿ ಹಾಕ್ರಿ ಸಾಹೇಬ್ರ. ನನ್ನ ಮಷೀನ್ ಫಸ್ಟ್ ಬಂದದ."

ಬಂದಿತ್ತು, ನಿಮಗೆ ಸುಳ್ಳು ಹೇಳಲಾರೆ. ಸರ್ವರ್‌ಗಳ ವೇಗ ಅಳೆಯುವುದು ನನ್ನ ಕಸುಬು. ಒಂದೇ ಡೇಟಾಬೇಸ್, ಒಂದೇ ಪಟ್ಟಿ. ಭಾಲ್ಕಿಯಿಂದ ಹೊತ್ತು ತಂದ ಹಳೇ ಡಬ್ಬಾ ಸೆಕೆಂಡಿಗೆ ನೂರು ಹೆಸರು ಬರೆದಿತ್ತು. ಬೀದರಿನಲ್ಲಿ ಅಳೆದದ್ದು ಇನ್ನೂರು. ಇವನದು ಒಂಬತ್ತು ಸಾವಿರ!

ಆ ವೇಗವೇ ಅನುಮಾನ ತಂದಿತ್ತು.

ಕಿಟಕಿಯಾಚೆ ಹೆಸರು ಬರೆಸಲು ನಿಂತವರ ಉದ್ದ ಸಾಲು. ಬರಗಾಲಕ್ಕೆ ಊರಿಗೆ ಊರೇ ಹೈದರಾಬಾದಿಗೆ ಹೊರಟಿತ್ತು. ಇಲ್ಲಿಯ ಪಟ್ಟಿಯಲ್ಲಿ ಹೆಸರಿದ್ದರೆ ಅಲ್ಲಿ ರೇಷನ್. ಇಲ್ಲದಿದ್ದರೆ ಉಪವಾಸ. ಟ್ರಯಲ್ ಅಂತ ನಿನ್ನೆಯೇ ಇವನ ಮಷೀನಿಗೆ ಹೆಸರು ತುಂಬಿಸಿದ್ದರು. ನಿನ್ನೆ ಕರೆಂಟು ಮೂರು ಸಲ ಹೋಗಿತ್ತು...

ಬೆಳಿಗ್ಗೆ ಆ ಸಾಲಿನಲ್ಲಿದ್ದ ಸಂತಪುರದ ಕುರಿಗಾಹಿ ಧೊಂಡಿಬಾನನ್ನು ಸುಮ್ಮನೆ ಕೇಳಿದ್ದೆ.

"ಕುರಿ ಹ್ಯಾಂಗ ಎಣಸ್ತೀರಿ ಕಾಕಾ?"

"ದಡ್ಡಿ ಒಳಗ ಹೊಕ್ಕ ಕುರಿನೇ ಕುರಿರಿ. ಬಾಗಿಲದಾಗ ನಿಂತಿದ್ದು ತ್ವಾಳಂದು!"

ಆಗಲೇ ಹೊಳೆದಿತ್ತು. ಇವನ ಮಷೀನು, ಹೆಸರು ಕಾಯಂ ಉಳಿಯುವ ಡಿಸ್ಕಿಗೆ ಬರೆಯುವ ಮೊದಲೇ 'ಬರೆದಾಯಿತು' ಅನ್ನುತ್ತಿತ್ತು. ಹೆಸರು ಇನ್ನೂ ಬಾಗಿಲಲ್ಲೇ!

"ಹಾಕ್ತೇನಿ. ಎರಡರಾಗೂ ನಿಮ್ಮ ಅವ್ವನ ಹೆಸರು ಬರೀರಿ, ಮೊದಲ."

ನಕ್ಕ. ಶಾಲುಬಾಯಿ ಎಂದು ಒತ್ತಿದ. ಎರಡೂ ಪರದೆ ಹೇಳಿದವು: ಬರೆದಾಯಿತು.

ಎರಡೂ ಪ್ಲಗ್ ಕಿತ್ತೆ!

ಅವನು ನನ್ನ ಕೊರಳಪಟ್ಟಿ ಹಿಡಿದ. "ತಲಿ ಕೆಟ್ಟದೇನು?"

"ಔರಾದದಾಗ ಕರೆಂಟು ಹೀಂಗೇ ಹೋಗ್ತದ್ರಿ. ಈಗ ಹಚ್ಚಿ ನೋಡ್ರಿ."

ಹಳೇ ಡಬ್ಬಾದಲ್ಲಿ ಶಾಲುಬಾಯಿ ಇದ್ದಳು. ಹೊಸದರಲ್ಲಿ ಆಕೆ ಹುಟ್ಟಿಯೇ ಇರಲಿಲ್ಲ.

ಮಚ್ಛೇಂದ್ರನ ದನಿ ಇಳಿಯಿತು. "ಈ ಮಾತು ಹೊರಗ ಹೋದ್ರ... ನೀವು ಹೊರಗ ಹೋಗಂಗಿಲ್ಲ."

ಹೋಗಿಯಾಗಿತ್ತು. ಕಿಟಕಿಯ ಸರಳು ಹಿಡಿದು ಧೊಂಡಿಬಾ ನಿಂತಿದ್ದ. ಅವನ ಹಿಂದೆ ಇಡೀ ಸಾಲು.

"ಸಾಹೇಬ್ರ... ನನ್ನ ಮಗಳು ನಿನ್ನಿ ಹೆಸರು ಬರೆಸಿ ಬಸ್ ಹತ್ಯಾಳ್ರಿ. ಕೂಸು ಕರಕೊಂಡು..."

ಸಾಲು ಬಾಗಿಲ ಕಡೆ ತಿರುಗಿತು. ಆಳುಗಳ ಕಾಲ್ಸಪ್ಪಳ ದೂರ ಓಡಿತು. ಚಿಲಕ ತೆರೆಯಿತು.

ಮಚ್ಛೇಂದ್ರ ಗೋಡೆಗೆ ಒತ್ತಿಕೊಂಡ. ನಾನು ರಿಪೋರ್ಟು ಎಳೆದುಕೊಂಡೆ. ಅವನು ಕೇಳಿದ ಜಾಗದಲ್ಲೇ ಸಹಿ ಹಾಕಿದೆ. ಮೇಲೆ ಒಂದೇ ಸಾಲು ಬರೆದಿದ್ದೆ:

'ಈ ಮಷೀನೇ ಫಸ್ಟ್... ಜನರನ್ನು ಮರೆಯುವುದರಲ್ಲಿ!'