ಮಾರಿಬಿಟ್ಟ ಮೊದಲ ಸ್ಟೇರಿಂಗ್

"ಬಿಡ್ರಿ ಮೇಡಂ..."

"ಹಿಡದೇನಿ."

"ಅದನ್ನ ಹೇಳಾಕತ್ತೇನ್ರಿ. ನೀವು ಬಿಟ್ರ ನಾ ಹಿಡೀತೇನಿ."

ಸವಣೂರು ಬಸ್ ನಿಲ್ದಾಣದಲ್ಲಿ, ಖಾರದ ಅಂಗಡಿಯ ಎದುರು, ಒಂದೇ ಕೈಚೀಲದ ಎರಡು ಹಿಡಿಕೆಗಳನ್ನು ಇಬ್ಬರು ಹಿಡಿದು ನಿಂತಿದ್ದರು. ಒಂದು ಸುಧಾರಾಣಿಯ ಕೈಯಲ್ಲಿ. ಇನ್ನೊಂದು, ಹತ್ತು ನಿಮಿಷದ ಹಿಂದಷ್ಟೇ ಅವಳು ಮೊದಲ ಸಲ ನೋಡಿದ ಚನ್ನೇಶನ ಕೈಯಲ್ಲಿ. ಚೀಲದೊಳಗಿದ್ದದ್ದು ಕಂಪ್ಯೂಟರಿನ ಕಾರ್ ರೇಸ್ ಆಟಕ್ಕೆ ಜೋಡಿಸುವ ಸ್ಟೇರಿಂಗ್ ಮತ್ತು ಅದರ ಎರಡು ಪೆಡಲ್‌ಗಳು.

ಮಾರುತ್ತೇನೆಂದು ಫೋನಿನಲ್ಲಿ ಜಾಹೀರಾತು ಹಾಕಿದವಳು ಅವಳೇ. ಅವನು ಹಂಸಭಾವಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟವನು. ರಿಪೇರಿಯಾದ ಪಂಪ್ ಮೋಟಾರೊಂದನ್ನು ವೀಳ್ಯದೆಲೆ ತೋಟದವರಿಗೆ ತಲುಪಿಸಲು ಸವಣೂರಿಗೆ ಬರುವವನಿದ್ದ. ಹಾಗಾಗಿ ಅವಳು ಶಿಗ್ಗಾಂವಿಯಿಂದ ಇಲ್ಲಿಗೇ ಬಂದಿದ್ದಳು.

"ಬಲಗಡೆ ರಬ್ಬರ್ ಸ್ವಲ್ಪ ಕಿತ್ತೈತಿ. ಬ್ಯಾಡ್ಮಿಂಟನ್ ಬ್ಯಾಟಿನ ಪಟ್ಟಿ ಸುತ್ತೇನಿ. ತಗೀಬ್ಯಾಡ್ರಿ."

"ತಗ್ಯಂಗಿಲ್ರಿ."

"ಬಿಸಲಾಗ ಇಡಬ್ಯಾಡ್ರಿ. ವೈರ್ ಎಳದು ಕಟ್ಟಬ್ಯಾಡ್ರಿ."

"ಮೇಡಂ, ಮಗಳನ್ನ ಗಂಡನ ಮನಿಗೆ ಕಳಸೋರ ಗತೆ ಹೇಳಾಕತ್ತೀರಲ್ರೀ!"

ಖಾರದ ಅಂಗಡಿಯವನು ಕಿಸಕ್ಕನೆ ನಕ್ಕ. ಸುಧಾರಾಣಿಯ ಮುಖ ಕೆಂಪಾಯಿತು. ಕೈ ತಾನಾಗಿ ಸಡಿಲವಾಯಿತು.

ಚೀಲ ಈಗ ಪೂರ್ತಿ ಅವನದಾಗಿತ್ತು. ಆದರೆ ಚನ್ನೇಶ ಹೋಗಲಿಲ್ಲ. ಅವಳ ಕಣ್ಣು ಇನ್ನೂ ಚೀಲದ ಮೇಲೇ ಇದ್ದುದನ್ನು ಅವನು ಗಮನಿಸಿದ್ದ.

"ನಿಮಗ ಇದು ಮೊದಲನೇದೇನ್ರಿ?" ಮೆಲ್ಲಗೆ ಕೇಳಿದ.

"ಹೌದು..."

"ನನಗೂ ಮೊದಲನೇದ ರೀ. ಜ್ವಾಪಾನ ಮಾಡ್ತೇನಿ."

ವಾಪಸ್ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಕುಳಿತವಳಿಗೆ ಕಾರಣವಿಲ್ಲದೆ ಅಳು ಬಂತು. 'ಒಂದು ಪ್ಲಾಸ್ಟಿಕ್ ಚಕ್ರಕ್ಕ ಯಾರರ ಅಳ್ತಾರೇನು? ಹುಚ್ಚಿ!'

ಕಾರಣ ಇಲ್ಲದೆ ಇರಲಿಲ್ಲ.

ಐದು ವರ್ಷದ ಹಿಂದೆ ಸುಧಾರಾಣಿ ಶಿಗ್ಗಾಂವಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಪ್ರಯೋಗಾಲಯದ ಬೋಧಕಿಯಾಗಿ ಸೇರಿದಳು. ಅವ್ವ ಹಾನಗಲ್ಲಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅಪ್ಪ ಇರಲಿಲ್ಲ. ಹಾನಗಲ್‌ನಿಂದ ಹಿರೇಕೆರೂರಿಗೆ ವರ್ಷಾನುಗಟ್ಟಲೆ ಬಸ್ ಓಡಿಸಿದ ಅಪ್ಪ, ಅವಳು ಎಂಎಸ್ಸಿ ಎರಡನೇ ವರ್ಷದಲ್ಲಿದ್ದಾಗ ತೀರಿಕೊಂಡಿದ್ದ. ಚಿಕ್ಕವಳಿದ್ದಾಗ ಎಂಜಿನ್ನಿನ ಬೆಚ್ಚನೆಯ ಮುಚ್ಚಳದ ಮೇಲೆ ಕೂತು, ಆ ದೊಡ್ಡ ಚಕ್ರದ ಮೇಲೆ ಅಪ್ಪನ ಕೈ ಸರಿದಾಡುವುದನ್ನು ಅವಳು ನೋಡುತ್ತಿದ್ದಳು.

ಶಿಗ್ಗಾಂವಿಯ ಬಾಡಿಗೆ ಕೋಣೆಯಲ್ಲಿ ಜೊತೆಗಿದ್ದ ಗೆಳತಿ ಅದೇ ವರ್ಷ ಮದುವೆಯಾಗಿ ಹೋದಳು; ಆ ತಿಂಗಳೇ ಸುಧಾರಾಣಿ ಆ ಸ್ಟೇರಿಂಗ್ ತರಿಸಿದ್ದಳು. ಮೇಜಿಗೆ ಬಿಗಿಯುವಾಗ ಸ್ಕ್ರೂ ತಿರುವಿ ತಿರುವಿ ಬೆರಳಲ್ಲಿ ಬೊಕ್ಕೆ ಎದ್ದಿತ್ತು.

ಮೊದಲ ದಿನ ರೇಸ್ ಆಡಲಿಲ್ಲ. ಲಾರಿ ಓಡಿಸುವ ಆಟವೊಂದಿತ್ತು. ಅದರಲ್ಲಿ ಗೆಲ್ಲುವುದಿಲ್ಲ, ಸೋಲುವುದಿಲ್ಲ. ಯಾವುದೋ ದೇಶದ ನೇರ ರಸ್ತೆ, ಎದುರಿಗೆ ಯಾರೂ ಇಲ್ಲ. ಕಾಲೇಜಿನಿಂದ ಬಂದು, ಒಬ್ಬಳಿಗೆಂದು ಒಂದು ಹಿಡಿ ಅಕ್ಕಿ ಬೇಯಲು ಇಟ್ಟು, ಬಲಗಾಲಿನಿಂದ ಪೆಡಲನ್ನು ನೆಲಕ್ಕೆ ತಾಗುವಂತೆ ಒತ್ತಿ ಕೂತರೆ ಗಂಟೆಗಟ್ಟಲೆ ಹಾಗೇ... ಯಾರೂ ಕರೆಯುತ್ತಿರಲಿಲ್ಲ. ಎಷ್ಟೋ ಸಲ ಅನ್ನ ಸೀದ ವಾಸನೆಯೇ ಅವಳನ್ನು ಎಬ್ಬಿಸುತ್ತಿತ್ತು.

ಈ ವರ್ಷ ಹೊಸ ಸ್ಟೇರಿಂಗ್ ಕೊಂಡಳು. ಕೋಣೆಯಲ್ಲಿ ಎರಡಕ್ಕೆ ಜಾಗವಿರಲಿಲ್ಲ. ಲೆಕ್ಕ ಸರಿಯಾಗಿತ್ತು. ಆದರೂ ಅಳು ನಿಲ್ಲಲಿಲ್ಲ!

ಮರುದಿನ ಸಂಜೆ ಫೋನ್ ಬಂತು.

"ಮೇಡಂ, ಚನ್ನೇಶ ರೀ. ನಿಮ್ಮ ಮಗಳು ಅಳಾಕತ್ತಾಳ. ಎಡಕ್ಕ ತಿರಗಿಸಿದ್ರ ಕಾರು ಬಲಕ್ಕ ಹೊಂಟೈತ್ರಿ!"

ಎಷ್ಟೋ ದಿನಗಳ ನಂತರ ಸುಧಾರಾಣಿ ಜೋರಾಗಿ ನಕ್ಕಳು. ತನ್ನ ನಗು ಖಾಲಿ ಗೋಡೆಗೆ ಬಡಿದು ವಾಪಸ್ ಬಂದದ್ದು ಕೇಳಿ ಅವಳಿಗೇ ಬೆಚ್ಚಿದಂತಾಯಿತು.

ಜೋಡಿಸುವುದನ್ನು ಹೇಳಿಕೊಟ್ಟಳು. ಆಮೇಲೆ ಆಡುವುದನ್ನೂ. ಭಾನುವಾರ ಬೆಳಗಿನ ಆರು ಗಂಟೆಗೆ ಅವಳು ಶಿಗ್ಗಾಂವಿಯಿಂದ, ಅವನು ಹಂಸಭಾವಿಯಿಂದ, ಇಂಟರ್ನೆಟ್ಟಿನಲ್ಲಿ ಒಂದೇ ಟ್ರ್ಯಾಕಿಗೆ ಇಳಿಯುವುದು ರೂಢಿಯಾಯಿತು. ಕಿವಿಗೆ ಹೆಡ್‌ಫೋನ್, ಇಬ್ಬರ ನಡುವೆ ಮಾತು.

"ಬ್ರೇಕ್ ಹಾಕ್ರಿ ಚನ್ನೇಶ! ಬ್ರೇಕ್!"

"ಹಾಕಿದ್ನಿರಿ, ಗ್ವಾಡಿ ತಾನ ಮುಂದ ಬಂತು!"

ಮೊದಲ ತಿಂಗಳು ಪೂರ್ತಿ ಸೋತ. ಆಮೇಲೆ ಕಲಿತ. ಒಂದು ಭಾನುವಾರ ಅವಳನ್ನು ಹಿಂದಿಕ್ಕಿ ಗೆದ್ದೂಬಿಟ್ಟ. ಸುಧಾರಾಣಿಗೆ ಸೋತ ಬೇಸರಕ್ಕಿಂತ ಬೇರೇನೋ ಆಯಿತು. ಬೆನ್ನ ಹಿಂದೆ ಒಬ್ಬರು ನಿಜವಾಗಿ ಬೆನ್ನಟ್ಟಿ ಬರುತ್ತಿದ್ದಾರೆ ಎಂಬ ಖುಷಿ! ಅವಳಿಗೆ ಬೇಕಾಗಿದ್ದದ್ದು ಅಷ್ಟೇ. ಅಯ್ಯೋ ಪಾಪ ಎನ್ನದೆ ತನ್ನ ಸರಿಸಮ ನಿಲ್ಲುವ ಒಬ್ಬರು.

ಒಂದು ದಿನ, ರೇಸ್ ಮುಗಿದ ಮೇಲೆ, ತಡೆಯಲಾರದೆ ಹೇಳಿಬಿಟ್ಟಳು.

"ನಿನ್ನೆ ನನ್ನ ನೋಡಾಕ ಬಂದಿದ್ರು. ಮೂರನೇದವ್ರು. ಉಪ್ಪಿಟ್ಟು ತಿಂದ್ರು. 'ಹೇಳಿ ಕಳಸ್ತೇವಿ' ಅಂದ್ರು. ವಯಸ್ಸು ಮೂವತ್ತೊಂದು ಅಂದ ಕೂಡ್ಲೆ ಮುಖ ಹೆಂಗ ಆಗ್ತಾವು ಅಂತ ನನಗೀಗ ಬಾಯಿಪಾಠ ಆಗೈತಿ."



"ಉಪ್ಪಿಟ್ಟು ಛಲೋ ಆಗಿತ್ತೇನ್ರಿ?" ಚನ್ನೇಶ ಕೇಳಿದ.

"ಆಗಿತ್ತು."

"ಹಂಗಾರ ಅವ್ರಿಗೆ ನಸೀಬಿಲ್ಲ ಬಿಡ್ರಿ."

ನಕ್ಕಳು. ಆದರೆ ಹೆಡ್‌ಫೋನ್ ತೆಗೆದಿಟ್ಟ ಮೇಲೆ, 'ಯಾಕ ಹೇಳಿದ್ನೆಪಾ...' ಎಂದು ನಾಚಿಕೆಯಾಯಿತು.

ಮುಂದಿನ ವಾರ ಹೊಸ ಟ್ರ್ಯಾಕ್ ಆರಿಸಿಕೊಂಡರು. ಹಳೆಯದರಲ್ಲಿ ತಿರುವುಗಳೇ ತಿರುವು. ಹೊಸದರ ಕೊನೆಯಲ್ಲಿ ಉದ್ದನೆಯ ನೇರ ರಸ್ತೆ. ಅಲ್ಲಿ ಅವಳು ಗೆದ್ದಳು. ಮುಂದಿನ ವಾರವೂ. ಅದರ ಮುಂದಿನ ವಾರವೂ. ಪ್ರತಿ ಸಲ ಚನ್ನೇಶ ಮುಂದಿರುತ್ತಿದ್ದ, ಆ ನೇರ ರಸ್ತೆಯಲ್ಲೇ ಅವಳು ಅವನನ್ನು ದಾಟುತ್ತಿದ್ದಳು.

ಹಾನಗಲ್ಲಿಗೆ ಹೋಗುವ ಅವಸರದಲ್ಲಿ 'ಇದೊಂದ ರೇಸ್' ಎಂದು ಆಡಿದ ದಿನ, ಹನ್ನೆರಡನೇ ಗೆಲುವಿನ ಮೇಲೆ ಅವಳಿಗೆ ಅನುಮಾನ ಬಂತು. ಅಳೆದು ನೋಡದೆ ಯಾವುದನ್ನೂ ನಂಬದ ಹೆಣ್ಣು ಅವಳು. ರೇಸುಗಳ ರೆಕಾರ್ಡಿಂಗ್ ಹಾಕಿದಳು. ಅದರಲ್ಲಿ ಎದುರಾಳಿ ಪೆಡಲನ್ನು ಎಷ್ಟು ಒತ್ತಿದ್ದಾನೆ ಎಂಬುದು ಒಂದು ಹಸಿರು ಪಟ್ಟಿಯಾಗಿ ಕಾಣುತ್ತದೆ. ನೇರ ರಸ್ತೆಗೆ ಬಂದೊಡನೆ ಆ ಪಟ್ಟಿ ನೂರಕ್ಕೆ ಏರುತ್ತಿತ್ತು, ಮತ್ತೆ ಎಂಬತ್ತಕ್ಕೆ ಇಳಿಯುತ್ತಿತ್ತು.

ಒಂದು ಸಲ ಅಲ್ಲ. ಹನ್ನೆರಡು ಸಲವೂ!

ಕಾಲು ಎತ್ತಿದ್ದಾನೆ. ಬೇಕಂತಲೇ. ತಾನು ಉಪ್ಪಿಟ್ಟಿನ ಕಥೆ ಹೇಳಿದ ಮುಂದಿನ ವಾರದಿಂದ!

'ಇವನೂ...' ನೋಡಲು ಬಂದವರು ಬೇಡವೆಂದರು, ಅದು ಸಹ್ಯ. ಇವನು ಭಿಕ್ಷೆ ಹಾಕಿದ್ದಾನೆ!

'ನನಗ ನಿಮ್ಮ ದಯಾ ಬ್ಯಾಡ. ಹನ್ನೆರಡೂ ರೇಸಿನಾಗ ಕಾಲು ಎತ್ತೀರಿ. ನೋಡೇನಿ. ಇನ್ನ ಬರಬ್ಯಾಡ್ರಿ.'

ಸಂದೇಶ ಕಳಿಸಿ ಕಾದಳು. ಅವನು ಓದಿದ ಗುರುತು ಬಂತು. ಉತ್ತರ ಬರಲಿಲ್ಲ. ಹೌದಲ್ಲ, ಸಿಕ್ಕಿಬಿದ್ದವನು ಏನು ಬರೆದಾನು? ಅವನ ನಂಬರನ್ನು ಬ್ಲಾಕ್ ಮಾಡಿದಳು.

ನಾಲ್ಕು ಭಾನುವಾರಗಳು ಕಳೆದವು.

ಆರಕ್ಕೆ ಎಚ್ಚರವಾಗುತ್ತಿತ್ತು. ಏಳುವುದೇಕೆ ಎಂದು ಗೊತ್ತಿರುತ್ತಿರಲಿಲ್ಲ. ಚಹಾ ಮಾಡಿಕೊಂಡು ಕಿಟಕಿಯಲ್ಲಿ ನಿಂತರೆ ದುಂಡಸಿಯ ಬಸ್ಸು ಹಾರ್ನ್ ಹೊಡೆಯುತ್ತ ಹೋಗುತ್ತಿತ್ತು. ಅಕ್ಕಪಕ್ಕದ ಮನೆಗಳ ಮಾತು ಗೋಡೆಯಾಚೆಯಿಂದ ಬರುತ್ತಿತ್ತು. ಸೋಮವಾರ ಕಾಲೇಜಿಗೆ ಹೋದಾಗ, ಶನಿವಾರದ ನಂತರ ತಾನು ಯಾರೊಡನೆಯೂ ಒಂದೇ ಒಂದು ಮಾತಾಡಿಲ್ಲ ಎಂಬುದು ಹೊಳೆಯುತ್ತಿತ್ತು. 'ನಮಸ್ಕಾರ' ಎನ್ನಲು ಹೋದರೆ ದನಿಯೇ ಹೊರಡುತ್ತಿರಲಿಲ್ಲ.

ಐದನೇ ವಾರ ಪ್ರಯೋಗಾಲಯದಲ್ಲಿ ಮಾಹೀರಾ ಎಂಬ ವಿದ್ಯಾರ್ಥಿನಿ ಕರೆದಳು.

"ಮಿಸ್, ಇದು ಸುಳ್ಳ ಹೇಳಾಕತ್ತೈತ್ರಿ. ಪೂರ್ತಿ ಸರಿಸೇನಿ, ಆದ್ರೂ ರೀಡಿಂಗ್ ಕೆಳಗ ಬೀಳ್ತೈತಿ."

ಹಳೆಯ ರಿಯೋಸ್ಟಾಟ್ ಅದು. ತಂತಿಯ ಮೇಲೆ ಜಾರುಗುಂಡಿ ಸರಿಸಿ ವಿದ್ಯುತ್ತನ್ನು ಹೆಚ್ಚು ಕಡಿಮೆ ಮಾಡುವ ಸಾಧನ.

"ಎಲ್ಲಾರೂ ಅದನ್ನ ಕಡೀತನಕ ತಳ್ಳಿ ಬಿಡ್ತಾರ. ಅಲ್ಲೇ ತಿಕ್ಕಿ ತಿಕ್ಕಿ ಸವದೈತಿ. ಅದಕ್ಕ ಕಡೀಗೆ ಬಂದಾಗ..."

ಮಾತು ಅರ್ಧಕ್ಕೆ ನಿಂತಿತು.

"ಮಿಸ್? ಏನಾತ್ರಿ?"

ಸುಧಾರಾಣಿ ಆ ಜಾರುಗುಂಡಿಯನ್ನು ತಾನೇ ಕಡೆಯವರೆಗೆ ಸರಿಸಿ ನೋಡಿದಳು. ಆಟದ ಪೆಡಲಿನ ಒಳಗಿರುವುದೂ ಇಂಥದೇ ಒಂದು ಪುಟ್ಟ ಸಾಧನ. ಪೂರ್ತಿ ಒತ್ತಿದ ಜಾಗದಲ್ಲೇ ಅದು ಸವೆದಿದ್ದರೆ? ಕಾಲು ನೆಲಕ್ಕೆ ತಾಗಿದ್ದರೂ ಎಂಬತ್ತೇ ತೋರಿಸುತ್ತದೆ! ಕಾರು ನಿಧಾನವಾಗುತ್ತದೆ. ಹಳೆಯ ಟ್ರ್ಯಾಕಿನ ತಿರುವುಗಳಲ್ಲಿ ಅಷ್ಟು ಹೊತ್ತು ಪೂರ್ತಿ ಒತ್ತುವ ಪ್ರಸಂಗವೇ ಬಂದಿರಲಿಲ್ಲ.

ಸವೆಸಿದವರು ಯಾರು?

ಖಾಲಿ ನೇರ ರಸ್ತೆಗಳು. ಸೀದ ಅನ್ನ. ಐದು ವರ್ಷ ಪ್ರತಿ ಸಂಜೆ ನೆಲಕ್ಕೆ ಒತ್ತಿ ಹಿಡಿದ ಬಲಗಾಲು... ಅವಳದೇ.

ಇನ್ನೊಂದೂ ನೆನಪಾಯಿತು. ಎರಡು ವರ್ಷದ ಹಿಂದೆ ಪೆಡಲಿನ ಅಳತೆ ಹೀಗೇ ಏರಿಳಿದಾಗ, ಎಪ್ಪತ್ತೈದು ದಾಟಿದರೆ ಅದನ್ನೇ ನೂರು ಎಂದು ತಿಳಿ ಎಂದು ತನ್ನ ಕಂಪ್ಯೂಟರಿಗೆ ಹೇಳಿಕೊಟ್ಟಿದ್ದಳು. ತೊಂದರೆ ಹೋಯಿತು. ಅವಳು ಮರೆತಳು. ಸ್ಟೇರಿಂಗ್ ಹಂಸಭಾವಿಗೆ ಹೋಯಿತು, ಆ ಹೊಂದಾಣಿಕೆ ಇಲ್ಲಿಯೇ ಉಳಿಯಿತು.

ರಬ್ಬರ್ ಪಟ್ಟಿಯ ಬಗ್ಗೆ ಅಷ್ಟೆಲ್ಲ ಹೇಳಿದವಳು ಇದೊಂದನ್ನು ಹೇಳಲಿಲ್ಲ!

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಅಳಿಸಿಹಾಕುವಂಥ ತಪ್ಪಾಗಿರಲಿಲ್ಲ ಅದು. ಮರುದಿನ ರಜೆ ಹಾಕಿ, ಹಾನಗಲ್ಲಿನಲ್ಲಿ ಬಸ್ಸು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಹಂಸಭಾವಿಯಲ್ಲಿ ಇಳಿದಳು. 'ಮಾತಾಡಿಸ್ಲಿಲ್ಲಂದ್ರ?' ಅಂಗಡಿ ಎಲ್ಲಿ ಎಂದು ಕೇಳಿಕೊಂಡು ನಡೆದಳು. 'ಮಾತಾಡಿಸ್ಲಿಲ್ಲಂದ್ರ ಇನ್ನ ನನಗ ಯಾರೂ ಇಲ್ಲ.'

ಅಂಗಡಿಯಲ್ಲಿ ಚನ್ನೇಶ ತಾಮ್ರದ ತಂತಿ ಸುತ್ತುತ್ತಿದ್ದ. ತನ್ನ ಮೋಟಾರಿಗಾಗಿ ಕಾಯುತ್ತಿದ್ದ ಅಕ್ಬರಸಾಬ ಎಂಬ ಹಿರಿಯರು ಬಾಗಿಲಲ್ಲಿ ಕೂತಿದ್ದರು.

"ಬಾ ಯವ್ವಾ. ನಿಂದೂ ಮೋಟಾರ್ ಸುಟ್ಟೈತೇನು? ನನ್ನ ಪಾಳಿ ಮೊದಲ ಐತಿ ನೋಡು."

"ಇಲ್ರಿ ಕಾಕಾ... ನಾ ರಿಪೇರಿ ಮಾಡಾಕ ಬಂದೇನಿ."

ಚನ್ನೇಶ ತಲೆ ಎತ್ತಿದ. ಕೈಯಲ್ಲಿದ್ದ ತಂತಿ ಸರ್ರನೆ ಬಿಚ್ಚಿಕೊಂಡಿತು.

"ಸುಧಾರಾಣಿಯವರ..."

ಅವಳು ನಿಂತಲ್ಲೇ, ಪಾಠ ಒಪ್ಪಿಸುವವಳಂತೆ, ಒಂದೇ ಉಸಿರಿಗೆ ಹೇಳಿದಳು. ಪೆಡಲ್. ಸವಕಳಿ. ಹೇಳಲು ಮರೆತದ್ದು. ಲಾರಿಯ ಆಟ. ಒಂಟಿ ಸಂಜೆಗಳು.

"ತಪ್ಪು ಪೆಡಲಿಂದಲ್ಲ, ನಿಮ್ದಂತೂ ಅಲ್ಲ. ನಂದು. ನೀವು ಕಾಲು ಎತ್ತಿದ್ದಿಲ್ಲ. ಹನ್ನೆರಡು ಸರ್ತೀನೂ ನೀವು ಪೂರಾ ಒತ್ತಿದ್ರಿ. ನಾನ ನಿಮ್ಮ ಮ್ಯಾಲ ಹೊರಿಸಿದೆ..."

ಚನ್ನೇಶ ಬಿಚ್ಚಿಕೊಂಡ ತಂತಿಯನ್ನು ಮತ್ತೆ ಸುರುಳಿ ಸುತ್ತಿದ.

"ಹನ್ನೆರಡು ಅಲ್ರಿ," ಎಂದ. "ಹನ್ನೊಂದು."

"ಏನು?"

"ಹನ್ನೊಂದು ಪೆಡಲಿಂದು ಇರ್ಬೇಕು. ನೀವು ನನಗಿಂತ ಛಲೋ ಓಡಸ್ತೀರಿ ಅನಕೊಂಡಿದ್ದೆ ನಾ. ಕಡೀದು ಮಾತ್ರ..." ಅವನ ಕಿವಿ ಕೆಂಪಾದವು. "ಅವತ್ತ ನಾ ಖರೇನ ಕಾಲು ಎತ್ತಿದ್ದೆ. ನೀವು ಬರದದ್ದು ನೋಡಿ ಸಿಕ್ಕಬಿದ್ನಿ ಅನಿಸ್ತು. ಸುಳ್ಳ ಹೇಳಾಕ ಬರಂಗಿಲ್ಲ ನನಗ. ಅದಕ್ಕ ಸುಮ್ಮನಾದೆ."

ಸುಧಾರಾಣಿ ಒಂದು ಹೆಜ್ಜೆ ಹಿಂದೆ ಸರಿದಳು. ಹಾಗಾದರೆ ಒಂದು ಸಲವಾದರೂ...

"ಪಾಪ ಅಂತೇನು?"

"ಛೇ ಛೇ! ನಿಮಗ್ಯಾಕ ಪಾಪ ಅನ್ಲಿ? ಹಾನಗಲ್ಲಿಗೆ ಹೋಗೋದೈತಿ, ಇದೊಂದ ರೇಸ್ ಅಂದಿದ್ರಲ್ಲ ಅವತ್ತು? ನಾ ಗೆರಿ ದಾಟಿದ್ರ ರೇಸ್ ಮುಗದು ನೀವು ಹೋಗ್ತಿದ್ರಿ." ಅವನ ದನಿ ತಗ್ಗಿತು. "ಗೆಲ್ಲಸಾಕ ಅಲ್ರಿ. ಮುಗೀಬಾರದು ಅಂತ."

ಅಕ್ಬರಸಾಬ ಎದ್ದು ಕೊಡವಿಕೊಂಡರು.

"ಚನ್ಯಾ, ನನ್ನ ಮೋಟಾರ್ ಇವತ್ತ ಆಗಂಗಿಲ್ಲ. ಗೊತ್ತಾತು. ನಾ ಚಾ ಕುಡದು ಬರ್ತೇನಿ."

"ಕಾಕಾ, ಎಲ್ಲಿಗ್ರಿ, ಕುಂತ್ರಿ..."

"ನಾ ಕುಂತ್ರ ನೀ ಹೇಳಂಗಿಲ್ಲೋ ಮಗನ!"

ಅವರು ಹೋದರು. ಸುಧಾರಾಣಿಗೆ ನಗು, ಅಳು ಎರಡೂ ಒಟ್ಟಿಗೆ ಬಂದವು. ಸೆರಗಿನಿಂದ ಕಣ್ಣೊರೆಸಿಕೊಂಡು, ಅವರು ಬಿಟ್ಟುಹೋದ ಸ್ಟೂಲಿನ ಮೇಲೆ ಕುಳಿತಳು.

"ಏನದು, ಹೇಳೂದು?"

"ಏನಿಲ್ಲ..."

"ಚನ್ನೇಶ." ಮೊದಲ ಸಲ, 'ರೀ' ಇಲ್ಲದೆ.

ಅವನು ಅವಳ ಕಡೆ ತಿರುಗಿದ. "ವಾರಕ್ಕ ಒಂದ ತಾಸು ಸಾಕಾಗಂಗಿಲ್ಲ ನನಗ. ಬಾಕಿ ದಿನಾನೂ ನೀವು ಬೇಕ್ರಿ. ನಿಮ್ಮ ಮನಿಗೆ ನಾ ಬರ್ಲೇನು? ಹೇಳಿ ಕಳಸ್ತೇವಿ ಅನ್ನಾಕ ಅಲ್ಲ. ಅಲ್ಲೇ, ಅವತ್ತ, ಹೂಂ ಅನ್ನಾಕ."

ಹೊರಗೆ ಹಾನಗಲ್ ಬಸ್ಸು ಬಂದು ನಿಂತಿತು. ಕಂಡಕ್ಟರ್ ಎರಡು ಸಲ ಕೂಗಿದ.

"ನಿಮ್ಮ ಬಸ್ ರೀ..." ಚನ್ನೇಶ ಗಾಬರಿಯಿಂದ ಹೇಳಿದ.

"ಗೊತ್ತೈತಿ."

"ಹೊಂಟೈತಿ..."

"ಹೋಗ್ಲಿ ಬಿಡು," ಎಂದಳು ಸುಧಾರಾಣಿ. "ನೀ ಊಟ ಮಾಡೀಯಿಲ್ಲೋ?"

"ಇಲ್ಲ."

"ನಾನೂ ಇಲ್ಲ."