ಒಂದೇ ಒಂದು ತೋಟಾ

"ನನ್ನ ಬಂದೂಕು ಕೊಡಿ. ಜೊತೆಗೆ ಒಂದು ತೋಟಾ."

"ಒಂದು ಡಬ್ಬೀನಾ?"

"ಇಲ್ಲ. ಒಂದೇ ಒಂದು."

ಅಂಗಡಿಯವಳ ಕೈ ಕೌಂಟರಿನ ಮೇಲೆ ಹಾಗೇ ನಿಂತಿತು.

ಅಪ್ಪ ತೀರಿಕೊಂಡಾಗ ಧೂಳು ತಿನ್ನುತ್ತಿದ್ದ ಈ ಪುಟ್ಟ ಬಂದೂಕಿನಂಗಡಿಯನ್ನು ಅವಳು ಹತ್ತು ವರ್ಷದಲ್ಲಿ ಲಾಭಕ್ಕೆ ತಂದಿದ್ದಳು. ಮಾರಿ ಬಂದ ಲಾಭ ಕಡಿಮೆ. ಪ್ರಯಾಣ ಹೊರಟವರು, ಮನೆಯಲ್ಲಿ ಚಿಕ್ಕ ಮಕ್ಕಳಿರುವವರು ತಮ್ಮ ಬಂದೂಕು ತಂದು ಬಾಡಿಗೆ ಕೊಟ್ಟು ಅವಳ ಉಕ್ಕಿನ ಕೋಣೆಯಲ್ಲಿ ಇಡುತ್ತಿದ್ದರು. ಅವಳು ಎಣ್ಣೆ ಹಾಕಿ, ಒರೆಸಿ, ರಿಪೇರಿ ಮಾಡಿ ಇಡುತ್ತಿದ್ದಳು. ಈ ವ್ಯಾಪಾರದಲ್ಲಿ ಬಂದೂಕಿಗಿಂತ ಮುಖ ನೋಡುವುದು ಗೊತ್ತಿರಬೇಕು. ಬೇಟೆಯವರು ತೋಟಾ ಡಬ್ಬಿಗಟ್ಟಲೆ ಒಯ್ಯುತ್ತಾರೆ, ಬೆಲೆಗೆ ಜಗಳ ಆಡುತ್ತಾರೆ. ಒಂದೇ ಒಂದು ಕೇಳಿದವನನ್ನು ಅವಳು ಕಂಡಿರಲಿಲ್ಲ.

ಅವನಿಗೆ ನಲವತ್ತು ಇನ್ನೂ ತುಂಬಿರಲಿಕ್ಕಿಲ್ಲ. ಗಡ್ಡ ಬೆಳೆದಿತ್ತು, ಅಂಗಿಯ ಗುಂಡಿ ತಪ್ಪು ತೂತಿಗೆ ಸೇರಿತ್ತು. ನಿದ್ದೆಯಿಲ್ಲದ ಕೆಂಪು ಕಣ್ಣು. ಚೆಂದದ ಕಣ್ಣು ಅಂತ ಅಂಥ ಹೊತ್ತಿನಲ್ಲೂ ಅನ್ನಿಸಿ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಮೂಲೆಯ ಮೇಜಿನಲ್ಲಿ ಅಂಗಡಿಯ ಲೆಕ್ಕ ಬರೆಯುವ ಚಿಕ್ಕಮ್ಮ ಅವನ ಕಾಗದ ನೋಡಿ ತಲೆಯಾಡಿಸಿದಳು. ಅವನ ಅಪ್ಪನ ಬಂದೂಕು, ಮಗನ ಹೆಸರಿಗೆ ಬಂದಿದೆ, ಎಲ್ಲಾ ಸರಿಯಿದೆ. ಕೊಡಲೇಬೇಕು.

"ಅದರ ಸ್ಪ್ರಿಂಗ್ ಮುರಿದಿದೆ. ಹದಿನೈದು ದಿನ ಬಿಟ್ಟು ಬನ್ನಿ" ಅಂದಳು ಅಂಗಡಿಯವಳು.

ಅದು ಅವಳಪ್ಪ ಕಲಿಸಿದ ಸುಳ್ಳು. ಮನಸ್ಸು ನೆಟ್ಟಗಿಲ್ಲ ಅನ್ನಿಸಿದವರಿಗೆ ಹೇಳುವಂಥದ್ದು. ಹದಿನೈದು ದಿನದಲ್ಲಿ ಎಷ್ಟೋ ಬೆಂಕಿ ತಣ್ಣಗಾಗುತ್ತದೆ.

"ತನ್ನಿ, ನೋಡ್ತೀನಿ. ನಾನು ವಾಚ್ ರಿಪೇರಿಯವನು. ಸ್ಪ್ರಿಂಗ್ ನಾನೇ ಮಾಡ್ಕೋತೀನಿ."

ಇಂಥ ಉತ್ತರ ಅವಳಿಗೆ ಇದುವರೆಗೆ ಯಾರೂ ಕೊಟ್ಟಿರಲಿಲ್ಲ.

ಒಳಗೆ ಹೋದಳು. ಬಂದೂಕು ಬಿಚ್ಚಿ, ಚೆನ್ನಾಗಿಯೇ ಇದ್ದ ಸ್ಪ್ರಿಂಗನ್ನು ಇಕ್ಕಳಕ್ಕೆ ಸಿಕ್ಕಿಸಿ, ಸುತ್ತಿಗೆಯಿಂದ ಒಂದೇ ಏಟು ಹಾಕಿದಳು. ಟಣ್. ಗಿರಾಕಿ ನಂಬಿ ಇಟ್ಟ ವಸ್ತುವನ್ನು ಕೈಯಾರೆ ಮುರಿದಿದ್ದಳು. ಲೈಸೆನ್ಸ್ ಆಫೀಸಿಗೆ ಒಂದು ದೂರು ಹೋದರೆ ಸಾಕು, ಅಂಗಡಿಗೆ ಬೀಗ.

ಅವನು ಎರಡು ತುಂಡನ್ನೂ ಬೆಳಕಿಗೆ ಹಿಡಿದ. ತುಂಬಾ ಹೊತ್ತು ನೋಡಿದ. ಆಮೇಲೆ ಅವಳನ್ನು ನೋಡಿದ.

"ಹಳೇ ಮುರುಕು ಕಪ್ಪಾಗಿರುತ್ತೆ ಮೇಡಂ. ಇದು ಬೆಳ್ಳಿ ಥರ ಹೊಳೀತಿದೆ. ಈಗ ತಾನೆ ಮುರಿದ್ರಿ ನೀವು."

ಚಿಕ್ಕಮ್ಮನ ಪೆನ್ನು ಕೆಳಗೆ ಬಿತ್ತು.

"ಹೌದು, ಮುರಿದೆ."

"ಯಾಕೆ?"

"ಒಂದೇ ತೋಟಾ ಕೇಳಿದ್ರಲ್ಲ. ದೂರು ಕೊಡೋದಿದ್ರೆ ಕೊಡಿ. ಬಂದೂಕು ಮಾತ್ರ ಇವತ್ತು ನಿಮ್ಮ ಕೈಗೆ ಕೊಡೋದಿಲ್ಲ."

ಅವನು ತುಂಡುಗಳನ್ನು ಕೌಂಟರಿನ ಮೇಲಿಟ್ಟ. "ನನಗಲ್ಲ ಅದು. ಅಪ್ಪನ ನಾಯಿಗೆ. ಹದಿನಾಲ್ಕು ವರ್ಷದ್ದು, ಹೊಟ್ಟೇಲಿ ಗಡ್ಡೆ. ಮೂರು ದಿನದಿಂದ ನೀರೂ ಇಳೀತಿಲ್ಲ. ದನದ ಡಾಕ್ಟ್ರು ಫೋನ್ ಎತ್ತಲ್ಲ. ಅಪ್ಪ ಇದ್ದಿದ್ರೆ ಅವರೇ ಮಾಡ್ತಿದ್ರು. ನಾನು ಒಂದು ಗುಬ್ಬೀನೂ ಹೊಡೆದವನಲ್ಲ."

ಅವಳಿಗೆ ಮುಖವೆಲ್ಲಾ ಬಿಸಿಯಾಯಿತು. ಫೋನ್ ತೆಗೆದುಕೊಂಡಳು. ಡಾಕ್ಟರ ಬಂದೂಕು ಇರುವುದೂ ಅವಳ ಉಕ್ಕಿನ ಕೋಣೆಯಲ್ಲೇ. ಅವಳ ಫೋನನ್ನು ಅವರು ಎತ್ತದೆ ಇರುತ್ತಿರಲಿಲ್ಲ. "ವಾಚ್ ರಿಪೇರಿಯವರ ಮನೆಗೆ ಈಗಲೇ ಹೋಗಿ ಡಾಕ್ಟ್ರೇ. ಒಂದು ಸೂಜಿ ಸಾಕು. ನೋವಾಗಬಾರದು."

ಅವನು ಬಾಗಿಲಲ್ಲಿ ತಿರುಗಿದ. "ಉಪಕಾರ ಆಯ್ತು. ಆದ್ರೆ ಅದು ನಮ್ಮಪ್ಪನ ಬಂದೂಕು. ಮುರಿದಿದ್ದನ್ನ ಮರೀತೀನಿ ಅಂದ್ಕೋಬೇಡಿ." ಎರಡು ತುಂಡನ್ನೂ ಜೇಬಿಗೆ ಹಾಕಿಕೊಂಡು ಹೋದ.

ಹನ್ನೊಂದು ದಿನ ಅವಳು ಬಾಗಿಲು ನೋಡಿದಳು. ಬೂಟಿನ ಸದ್ದು ಕೇಳಿದರೆ ಕೆಲಸ ಬಿಟ್ಟು ತಲೆಯೆತ್ತುತ್ತಿದ್ದಳು.

"ಆಫೀಸಿನೋರು ಬರ್ತಾರೆ ಅಂತ ಹೆದರ್ತಿದೀಯೋ, ಅವನು ಬರಲ್ಲ ಅಂತಲೋ?" ಅಂದಳು ಚಿಕ್ಕಮ್ಮ.

"ಸುಮ್ನಿರು ಚಿಕ್ಕಮ್ಮ."

"ನನ್ನ ಬಾಯಿ ಮುಚ್ಚಿಸ್ಬಹುದು. ಬೆಳಿಗ್ಗೆಯಿಂದ ಒಂದೇ ಬಂದೂಕಿನ ನಳಿಕೆ ಮೂರು ಸಲ ಒರೆಸಿದೀಯ."

ಹನ್ನೆರಡನೇ ದಿನ ಅವನು ಬಂದ. ಗಡ್ಡ ಬೋಳಿಸಿದ್ದ, ಗುಂಡಿ ಸರಿಯಾಗಿತ್ತು. ಕೈಯಲ್ಲೊಂದು ಲಕೋಟೆ. ಮೇಲೆ ಲೈಸೆನ್ಸ್ ಆಫೀಸಿನ ವಿಳಾಸ. ಅದನ್ನು ಕೌಂಟರಿನ ಮೇಲಿಟ್ಟ.

"ಅವತ್ತು ಸಂಜೆಯೇ ಬರೆದೆ."

"ಪೋಸ್ಟ್ ಮಾಡಿಲ್ವಾ?"

"ಯಾಕೆ ಮುರಿದ್ರು ಅಂತ ಕಾರಣ ಬರೀಬೇಕಲ್ಲ? 'ನಾನು ಸಾಯ್ತೀನೇನೋ ಅಂತ ಹೆದರಿ' ಅಂತ ಬರೆದೆ. ಬರೆದಿದ್ದನ್ನ ಓದಿದೆ. ಆಮೇಲೆ ಕೈ ಏಳ್ಲಿಲ್ಲ." ಲಕೋಟೆಯನ್ನು ಅವಳತ್ತ ಸರಿಸಿದ. "ನನಗೋಸ್ಕರ ಒಬ್ರು ಹೆದರಿ ಎಷ್ಟು ವರ್ಷ ಆಯ್ತೋ. ನೀವೇ ಇಟ್ಕೊಳ್ಳಿ."

ಜೇಬಿನಿಂದ ಹೊಸ ಸ್ಪ್ರಿಂಗ್ ತೆಗೆದ. ತಾನೇ ಕಾಯಿಸಿ ಹದ ಮಾಡಿದ್ದು. ಇಬ್ಬರೂ ಬಗ್ಗಿ ಜೋಡಿಸುವಾಗ ಅವನ ಉಸಿರು ಅವಳ ಮಣಿಕಟ್ಟಿಗೆ ತಾಗಿತು. ಸ್ಕ್ರೂ ಎರಡು ಸಲ ಕೈಜಾರಿತು. ಯಾರ ಕೈಯಿಂದ ಅಂತ ಇಬ್ಬರೂ ಕೇಳಲಿಲ್ಲ.

"ಇದನ್ನ ನೀವೇ ಕೊಂಡ್ಕೊಳ್ಳಿ. ನಾಯೀನೂ ಹೋಯ್ತು. ನನಗ್ಯಾಕೆ ಬಂದೂಕು?"

ಒಳ್ಳೆಯ ಬಂದೂಕು. ತಿಂಗಳೊಳಗೆ ಗಿರಾಕಿ ಸಿಗುತ್ತಾನೆ. ಆದರೆ ಕೊಂಡರೆ ಇವನು ಮತ್ತೆ ಯಾಕೆ ಬರುತ್ತಾನೆ? ಅವಳು ಜೀವನದಲ್ಲಿ ಮೊದಲ ಸಲ ಲಾಭದ ಮುಂದೆ ತಡವರಿಸಿದಳು. ಚಿಕ್ಕಮ್ಮ ಕೆಮ್ಮಿದಳು.

"ಕೊಳ್ತೀನಿ" ಅಂದಳು ಕಡೆಗೆ. ವ್ಯಾಪಾರ ವ್ಯಾಪಾರವೇ. ಒಂದು ಪೈಸೆ ಹೆಚ್ಚು ಕೊಡಲಿಲ್ಲ, ಅವನೂ ಕೇಳಲಿಲ್ಲ. ಸಹಿ ಮಾಡಿಸಿ ಕಾಗದ ಮಡಿಸಿದಳು.

ಅವನು ಪೆನ್ನು ಕೆಳಗಿಟ್ಟ. ಹೋಗಲಿಲ್ಲ. "ಹಾಗಾದ್ರೆ ಇನ್ಮೇಲೆ ನನಗಿಲ್ಲಿ ಏನೂ ಕೆಲಸ ಇಲ್ಲ."

"ಕೆಲಸ ಇಲ್ಲದವರನ್ನ ಬಂದೂಕಿನಂಗಡಿ ಒಳಗೆ ಬಿಡೋ ಹಾಗಿಲ್ಲ" ಅಂದಳು ಅವಳು. ದನಿ ಗಟ್ಟಿಯಾಗಿತ್ತು, ಕಣ್ಣು ಹಾಗಿರಲಿಲ್ಲ.

"ಸರಿ." ಅವನು ಬಾಗಿಲತ್ತ ಎರಡು ಹೆಜ್ಜೆ ಇಟ್ಟ.

"ನಾಳೆ ಬನ್ನಿ."

ಅವನು ನಿಂತ. "ಏನು ಕೆಲಸಕ್ಕೆ?"

"ಕೆಲಸ ಇಲ್ದೆ."